ಸವೆಯದ ಚಪ್ಪಲಿ

ಮನೆಗೆ ಬಂದವರ ಮುಖಕ್ಕಿಂತ ಮೊದಲು ಅವರು ಹೊಸ್ತಿಲಾಚೆ ಬಿಟ್ಟ ಚಪ್ಪಲಿಯನ್ನು ನೋಡುವವಳು ನಾನು. ಇದು ಒಳ್ಳೆಯ ಅಭ್ಯಾಸವಲ್ಲವೆಂದು ಸೊಸೆ ಗೊಣಗುತ್ತಾಳೆ. ಆದರೆ ಮುಖ ಸುಳ್ಳು ಹೇಳುತ್ತದೆ, ಹಿಮ್ಮಡಿ ಹೇಳುವುದಿಲ್ಲ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟ ನಾನು ಆಮೇಲೆ ಮನಸ್ಸಿಟ್ಟು ಓದಿದ್ದೇನಾದರೂ ಇದ್ದರೆ ಅದು ಚಪ್ಪಲಿಯ ತಳವೇ. ಈ ಬರಹದಲ್ಲಿ ಒತ್ತಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಸಿಟ್ಟನ್ನು ಮಾತ್ರ ಮುಟ್ಟಬೇಡ ಎಂದು ಅವಳಿಗೆ ಹೇಳಿಟ್ಟಿದ್ದೇನೆ.

ಆ ಮೊಮ್ಮಗಳು ಗಿರಿಜಾ. ನಮ್ಮ ಮನೆತನದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲ ಜೀವ. ಸೀಟು ಸಿಕ್ಕ ದಿನ ಹುನಗುಂದದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದೆ. ಸಂಭ್ರಮದ ಭರದಲ್ಲಿ ಹಂಚಿದ ಮನೆಗಳಿಗೇ ಮತ್ತೊಮ್ಮೆ ಹೋಗಿ ಹಂಚಿ ನಗೆಗೀಡಾದೆ. ದಸರೆಯ ರಜೆಗೆ ಅವಳು ಬಂದಾಗ ಹೊಸ್ತಿಲಾಚೆ ನೋಡಿದರೆ, ಹೋಗುವಾಗ ಕೊಡಿಸಿದ ಚಪ್ಪಲಿ ಅಂಗಡಿಯಿಂದ ತಂದಂತೆಯೇ ಇದೆ! ತಳದ ಗೆರೆ ಕೂಡ ಅಳಿಸಿಲ್ಲ. ಹರೆಯದ ಹುಡುಗಿ ಇಷ್ಟು ದಿನ ಎಲ್ಲಿಗೂ ನಡೆಯಲೇ ಇಲ್ಲವೇ?

“ಎಲ್ಲಿಗಿ ನಡೀಲಿ ಆಯಿ? ಹಾಸ್ಟೆಲ್ ಬಾಗಲದಾಗ ಬಸ್ ಹತ್ತೋದು, ಕ್ಲಾಸಿನ ಬಾಗಲದಾಗ ಇಳಿಯೋದು. ಮಾತಾಡ್ಸೋರು ಒಬ್ರೂ ಇಲ್ಲ. ನಾ ಬಿಟ್ಟು ಬಂದಬಿಡ್ತೇನಿ. ಮನ್ಯಾಗ ಕುಂತು ಪರೀಕ್ಷಾ ಕಟ್ತೇನಿ.”

ಎರಡು ಸಲ ಹಂಚಿದ ಸಕ್ಕರೆ ಬಾಯಲ್ಲಿ ಕಹಿಯಾಯಿತು. ರಜೆ ಮುಗಿದ ದಿನ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಅವಳ ಜೊತೆಯಲ್ಲೇ ಬಸ್ಸು ಹತ್ತಿದೆ.

ಬಾಗಲಕೋಟೆಯಾಚೆಯ ಆ ಆವರಣವನ್ನು ನೀವೊಮ್ಮೆ ನೋಡಬೇಕು. ಏನು ರಸ್ತೆಗಳು! ಎರಡು ಲಾರಿಗಳು ಜೋಡಿಯಾಗಿ ಓಡಬಹುದು, ಒಬ್ಬ ಮನುಷ್ಯ ನಡೆಯಲು ಜಾಗವಿಲ್ಲ. ಪಾಲಾದ ಅಣ್ಣತಮ್ಮಂದಿರಂತೆ ಒಂದಕ್ಕೊಂದು ಬೆನ್ನು ಮಾಡಿ ನಿಂತ ಕಟ್ಟಡಗಳು. ಅವುಗಳ ನಡುವೆ ನೆರಳೆಂಬ ಪದಾರ್ಥವೇ ಇಲ್ಲದ ಬಯಲು. ಹಸಿರು ಹುಲ್ಲೇನೋ ಉಂಟು, ಅದರ ಮೇಲೆ ಕಾಲಿಡಬಾರದೆಂಬ ಹಲಗೆಯೂ ಉಂಟು. ದನ ಮೇಯದ, ಮಂದಿ ಕೂರದ ಹುಲ್ಲನ್ನು ಯಾವ ದೇವರಿಗೆ ಬೆಳೆಸಿದ್ದಾರೆ? ಮಕ್ಕಳು ತುಳಿದು ತುಳಿದು ತಾವೇ ಮಾಡಿಕೊಂಡಿದ್ದ ಒಂದು ಕಾಲುದಾರಿಗೆ ಮುಳ್ಳುತಂತಿ ಬಿಗಿದಿದ್ದರು. ಈ ನಕ್ಷೆ ಬರೆದ ಮಹಾನುಭಾವರಿಗೆ ಕಾಲುಗಳಿರಲಿಲ್ಲವೇ?

ನನ್ನ ತವರು ಹಿನ್ನೀರಿನಲ್ಲಿ ಮುಳುಗಿದ ಹಳೆಯ ಬಾಗಲಕೋಟೆ. ಅಲ್ಲಿ ಕೊತ್ತಂಬರಿ ತರಲು ಹೋದವಳು ಒಂದು ಬಾಣಂತಿತನ, ಎರಡು ಜಗಳ, ಒಂದು ವರಾನ್ವೇಷಣೆ ಮುಗಿಸಿ, ಕೊತ್ತಂಬರಿಯೊಂದನ್ನೇ ಮರೆತು ಬರುತ್ತಿದ್ದೆ. ಎದುರಾದವರನ್ನು ಮಾತಾಡಿಸದೆ ದಾಟಲು ಆ ಓಣಿಗಳಲ್ಲಿ ಆಗುತ್ತಲೇ ಇರಲಿಲ್ಲ. ಇಕ್ಕಟ್ಟು ಎಂದು ಆಗ ಬೈದುಕೊಂಡಿದ್ದೆ. ಅದು ಇಕ್ಕಟ್ಟಲ್ಲ, ನಂಟು ಎಂದು ಈ ಅಗಲ ರಸ್ತೆ ಕಂಡ ಮೇಲೆ ತಿಳಿಯಿತು.

ಬಿಸಿಲಿಗೆ ತಲೆ ತಿರುಗತೊಡಗಿದಾಗ ದೂರದಲ್ಲಿ ಬೇವಿನ ಮರವೊಂದು ಕಂಡಿತು. ಸುತ್ತ ಗುಂಡಗೆ ಚೆಂದದ ಕಟ್ಟೆ. ಅಷ್ಟಾದರೂ ಬುದ್ಧಿ ಇದೆಯಲ್ಲ ಎಂದುಕೊಂಡು ಹೋಗಿ ಕೂತೆ, ಬುತ್ತಿ ಬಿಚ್ಚಿದೆ. ಬುತ್ತಿ ಬಿಚ್ಚಿದ ಮೇಲೆ ದಾರಿಹೋಕರನ್ನು ಕರೆಯದೆ ತುತ್ತೆತ್ತಿದರೆ ನಮ್ಮಲ್ಲಿ ಅದಕ್ಕೆ ಊಟವೆನ್ನುವುದಿಲ್ಲ; ಆದ್ದರಿಂದ ಸ್ಕೂಟರು, ಕಾರು ಯಾವುದನ್ನೂ ಬಿಡದೆ “ಬರ್ರೀ, ಊಟ ಮಾಡೂಣು!” ಎಂದು ಕೂಗತೊಡಗಿದೆ. ಗಿರಿಜಾ ಓಢಣಿಯಲ್ಲಿ ಮುಖ ಮುಚ್ಚಿಕೊಂಡಳು. ಕಾವಲುಗಾರ ಸೀಟಿ ಊದುತ್ತ ಓಡಿಬಂದ.

“ಏ ಯಮ್ಮಾ, ಏಳ್ರಿ! ಅದು ಸರ್ಕಲ್ ಐತಿ, ಕಟ್ಟಿ ಅಲ್ಲ!”

“ಗಿಡದ ಸುತ್ತ ಗುಂಡಗ ಕಟ್ಟೀರಿ, ಕೂಡಬ್ಯಾಡ್ರಿ ಅಂತೀರಿ. ಮತ್ತ್ಯಾರು ಕೂಡಬೇಕೋ ತಮ್ಮಾ, ಕಾಗಿನಾ? ಊಟ ಆತೇನು ನಿಂದು?”

“ಇನ್ನೂ ಇಲ್ಲರಿ…”

“ಹಂಗಾರ ಸೀಟಿ ಕಿಸೇದಾಗ ಇಡು, ಕೈ ಒಡ್ಡು.”

ಅಷ್ಟರಲ್ಲಿ ಸ್ಕೂಟರಿನ ಹುಡುಗಿಯೊಬ್ಬಳು ನಿಂತಳು. ಬಾದಾಮಿಯ ಸಲ್ಮಾ. “ಎಣ್ಣಿಗಾಯಿ ವಾಸನಿ ಗಾಡಿ ನಿಲ್ಲಿಸ್ತು ನೋಡ್ರಿ ಆಯಿ,” ಎಂದು ಪಕ್ಕದಲ್ಲೇ ಕೂತವಳು ಗಿರಿಜಾಳನ್ನು ಕಂಡು ಹುಬ್ಬೇರಿಸಿದಳು. “ನೀ ನಮ್ಮ ಹಾಸ್ಟೆಲಿನಾಕಿ ಹೌದಿಲ್ಲೋ? ಮೂಗಿ ಅದಿ ಅಂತ ತಿಳಕೊಂಡಿದ್ದೆ!”

“ನಾ ನಿನ್ನ ಸೊಕ್ಕಿನಾಕಿ ಅಂತ ತಿಳಕೊಂಡಿದ್ದೆ,” ಎಂದಳು ಗಿರಿಜಾ.

ಇಬ್ಬರೂ ನಕ್ಕರು. ನನಗೆ ಮಾತ್ರ ರಕ್ತ ಕುದಿಯಿತು. ಒಂದೇ ಸೂರಿನಡಿಯ ಎರಡು ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಮೂಗಿ, ಸೊಕ್ಕಿನವಳು ಎಂದುಕೊಂಡು ದಿನ ದೂಡಿದರಲ್ಲ! ಮೂಗಿಯೂ ಇರಲಿಲ್ಲ, ಸೊಕ್ಕೂ ಇರಲಿಲ್ಲ. ಎದುರಾಗಲು ಒಂದು ದಾರಿ, ನಿಲ್ಲಲು ಒಂದು ನೆರಳು ಇರಲಿಲ್ಲ, ಅಷ್ಟೇ. ವಿದ್ಯೆ ಪುಸ್ತಕದಿಂದ ಬಂದೀತು. ಗೆಳೆತನಕ್ಕೆ ಕಾಲುದಾರಿಯೇ ಬೇಕು.

ನಾನು ಊರಿಗೆ ಮರಳಿದ ವಾರದಲ್ಲೇ ಆ ಕಟ್ಟೆಗೆ ಕಬ್ಬಿಣದ ಬೇಲಿ ಬಂತಂತೆ! ಮಂದಿ ಕೂತರೆಂದು ಬೇಲಿ. ದಾರಿ ಮಾಡಲು ಮಾತ್ರ ಯಾರಿಗೂ ತೋಚಲಿಲ್ಲ. ಹುಡುಗಿಯರು ಸೋಲಲಿಲ್ಲ. ಸಲ್ಮಾ ಸ್ಕೂಟರು ಬಿಟ್ಟಳು, ಗಿರಿಜಾ ಬಸ್ಸು ಬಿಟ್ಟಳು; ಕ್ಲಾಸಿಗೆ ಇಬ್ಬರೂ ಜೊತೆಯಾಗಿ ನಡೆಯತೊಡಗಿದರು.

ಸಂಕ್ರಾಂತಿಗೆ ಇಬ್ಬರೂ ಕೂಡಿಯೇ ನಮ್ಮ ಮನೆಗೆ ಬಂದರು. ಬಿಟ್ಟುಬರುವ ಮಾತು ಗಿರಿಜಾಳ ಬಾಯಲ್ಲಿ ಬರಲೇ ಇಲ್ಲ. ಅವರು ಒಳಗೆ ಹರಟುತ್ತಿರುವಾಗ ನಾನು ಹೊಸ್ತಿಲಾಚೆ ಬಗ್ಗಿ ನೋಡಿದೆ. ಎರಡು ಜೊತೆ ಚಪ್ಪಲಿಗಳೂ ಚೆನ್ನಾಗಿ ಸವೆದಿದ್ದವು. ಕೈಗೆತ್ತಿಕೊಂಡೆ, ಕಣ್ಣು ತುಂಬಿ ಬಂತು. ತಿರುವಿ ತಳ ನೋಡಿದೆ. ಸಿಟ್ಟೂ ತುಂಬಿ ಬಂತು. ಎರಡು ಜೊತೆಯೂ ಸವೆದದ್ದು ಒಂದೇ ಮಗ್ಗುಲಿಗೆ: ಕಾರುಗಳಿಗೆ ಹಾದಿ ಬಿಟ್ಟು, ಡಾಂಬರಿನ ಇಳಿಜಾರು ಅಂಚಿನಲ್ಲೇ ನಡೆದ ಕಾಲುಗಳ ಚಪ್ಪಲಿ.