ಮೇಷ್ಟ್ರುಗಳಿಗೆ ರತ್ನಕ್ಕ ಮಾಡಿದ ಪಾಠ

ಲಂಡನ್ನಿನ ಹೌನ್ಸ್ಲೋದ ನಮ್ಮ ಶಾಲೆಯ ಮೇಲೆ ವಿಮಾನ ಹಾದುಹೋಗುವಾಗ ಶಿಕ್ಷಕರೆಲ್ಲ ಮಾತು ನಿಲ್ಲಿಸುತ್ತಿದ್ದರು. ಸದ್ದು ಕರಗಿದ ಮೇಲೆ ಬಿಟ್ಟ ಪದದಿಂದಲೇ ಪಾಠ ಮುಂದುವರಿಯುತ್ತಿತ್ತು. ರತ್ನಾಬಾಯಿ ಮಾತ್ರ ನಿಲ್ಲಿಸುತ್ತಿರಲಿಲ್ಲ. ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಿಕ್ಕಿರಿದ ತರಗತಿಗಳಿಗೆ ಗಣಿತ ಹೇಳಿದ ಗಂಟಲು ಅದು. ಜಂಬೋ ಜೆಟ್ಟಿಗೂ ಜಗ್ಗುತ್ತಿರಲಿಲ್ಲ.

ನಾನು ಆ ಶಾಲೆಗೆ ಸೇರಿದ್ದು ೧೯೯೮ರ ಸೆಪ್ಟೆಂಬರಿನಲ್ಲಿ. ನನ್ನ ಗಂಡ ಲೋಕೇಶನ ಸಾಫ್ಟ್‌ವೇರ್ ಕೆಲಸದ ಬೆನ್ನಿಗೆ ಬೆಂಗಳೂರಿನಿಂದ ಬಂದು, ಫ್ಲಾಟಿನ ಗೋಡೆ ನೋಡಿ ನೋಡಿ ಬೇಸತ್ತು, ತರಗತಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಮೊದಲ ದಿನ ಸ್ಟಾಫ್‌ರೂಮಿನಲ್ಲಿ ಯಾರ ಮುಖ ನೋಡುವುದೆಂದು ತಿಳಿಯದೆ ನಿಂತಿದ್ದಾಗ ಹತ್ತಿಯ ಸೀರೆಯ ಮೇಲೆ ಬೂದು ಕಾರ್ಡಿಗನ್ ಹಾಕಿದ್ದ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ನನ್ನ ಕೈಗೆ ಚಹಾದ ಲೋಟ ಇಟ್ಟರು.

"ಹೆಸರೇನವಾ?"

"ಶೋಭಾ."

"ಕನ್ನಡದಾಕಿ! ಬಾ, ಇಲ್ಲಿ ಕುಂದ್ರು. ಆ ಮೂಲ್ಯಾಗಿನ ಕುರ್ಚಿ ಮ್ಯಾಲ ಮಾತ್ರ ಕುಂದರಬ್ಯಾಡ, ಅದು ಡೆಪ್ಯುಟಿ ಸಾಹೇಬರದು."

ಅಂದಿನಿಂದ ಅವರು ನನಗೆ ರತ್ನಕ್ಕ. ಶಾಲೆಗೆ ಮಾತ್ರ ಅವರು 'ಮಿಸೆಸ್ ಬಾಯಿ'. ರತ್ನಾ ಹೆಸರು, ಬಾಯಿ ಮನೆತನ ಎಂದು ಯಾರೋ ಮೊದಲ ದಿನವೇ ಬರೆದುಕೊಂಡಿದ್ದರು. ಸಂಜೆ ಮಕ್ಕಳು ಹೊರಡುವಾಗ "ಬೈ, ಮಿಸೆಸ್ ಬಾಯಿ" ಎಂದು ಹಾಡಿಕೊಂಡು ಹೋಗುತ್ತಿದ್ದವು. ಅವರು ತಿದ್ದಲಿಲ್ಲ. "ಮಕ್ಕಳಿಗೆ ನಗಾಕ ಒಂದು ಕಾರಣ ಸಿಕ್ಕೈತಿ, ಇರಲಿ ಬಿಡು" ಎನ್ನುತ್ತಿದ್ದರು.

ಅದು ಅಂತರರಾಷ್ಟ್ರೀಯ ಶಾಲೆ. ವಿಮಾನ ಕಂಪನಿಗಳವರು, ರಾಯಭಾರ ಕಚೇರಿಗಳವರು, ಬ್ಯಾಂಕಿನವರು ಎರಡು ಮೂರು ವರ್ಷಕ್ಕೆಂದು ಲಂಡನ್ನಿಗೆ ಬಂದಾಗ ಅವರ ಮಕ್ಕಳು ನಮ್ಮಲ್ಲಿಗೆ ಬರುತ್ತಿದ್ದವು. ಒಂದು ಹೆಸರು ಸರಿಯಾಗಿ ಉಚ್ಚರಿಸಲು ಕಲಿಯುವಷ್ಟರಲ್ಲಿ ಆ ಮಗು ಸಿಂಗಪುರಕ್ಕೋ ಲಾಗೋಸ್‌ಗೋ ಹೊರಟು ನಿಂತಿರುತ್ತಿತ್ತು. ಸ್ಟಾಫ್‌ರೂಮಿನ ಗೋಡೆಯ ಮೇಲೆ ಮುಂದಿನ ತಿಂಗಳುಗಳ ಕಾರ್ಯಕ್ರಮಗಳು ಬಣ್ಣದ ಚೀಟಿಗಳಲ್ಲಿ ತೂಗುತ್ತಿದ್ದವು: ಈಜು, ಮ್ಯೂಸಿಯಂ ಪ್ರವಾಸ, ಜೂನಿನಲ್ಲಿ ದೇಶದೇಶದ ತಿಂಡಿಗಳ ಇಂಟರ್‌ನ್ಯಾಷನಲ್ ಡೇ. ನಡುನಡುವೆ ಹಳದಿ ಚೀಟಿ ಬಂದರೆ ಅದು ಇನ್‌ಸೆಟ್ ಡೇ. ಅಂದು ಮಕ್ಕಳಿಗೆ ರಜೆ, ಶಿಕ್ಷಕರಿಗೆ ತರಬೇತಿ.

ರತ್ನಕ್ಕನಿಗೆ ಆ ತರಬೇತಿಗಳೆಂದರೆ ಹಬ್ಬ. ಧಾರವಾಡದ ಬಿ.ಎಡ್. ಪದವಿ ಇಲ್ಲಿ ನಡೆಯದೆ, ಅವರೂ ನನ್ನ ಹಾಗೆ ಬರೀ ಸಹಾಯಕಿ. ಆದರೂ ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು. ಮಕ್ಕಳನ್ನು ಹೊಗಳುವುದು ಹೇಗೆ ಎಂಬ ತರಬೇತಿಯಲ್ಲಿ ನಾವೆಲ್ಲ ಪಕ್ಕದವರಿಗೆ "ಬ್ರಿಲಿಯಂಟ್", "ಫೆಂಟಾಸ್ಟಿಕ್" ಎಂದು ಹೇಳಿ ಅಭ್ಯಾಸ ಮಾಡಬೇಕಿತ್ತು. ಎಷ್ಟು ಪ್ರಯತ್ನಪಟ್ಟರೂ ಅವರ ಬಾಯಿಂದ "ನಾಟ್ ಬ್ಯಾಡ್" ಎಂಬುದರಾಚೆ ಏನೂ ಬರಲಿಲ್ಲ. ಹೊರಗೆ ಬಂದು ನನಗೆ ಹೇಳಿದರು: "ನಮ್ಮ ಕಡೆ 'ಅಡ್ಡಿಯಿಲ್ಲ' ಅಂದ್ರ ಅದ ದೊಡ್ಡ ಮಾತು. ಅಲ್ಲಿ ನಾ ಕೈಯಾಗ ಬೆತ್ತ ಹಿಡದಾಕಿ, ಶೋಭಾ. ಇಲ್ಲಿ ಬಂದು ಈ ಸಣ್ಣ ಸಣ್ಣ ಟೀಚರ್ ಹುಡುಗ್ಯಾರ ಪಾಠ ನೋಡಿದ ಮ್ಯಾಲ ಗೊತ್ತಾತು, ಅದು ಬೇಕಾಗಿರಲಿಲ್ಲ ಅಂತ."

ಆ ವರ್ಷ ನಮ್ಮ ತರಗತಿಗೆ ಹಿರುತ್ ಎಂಬ ಏಳು ವರ್ಷದ ಹುಡುಗಿ ಬಂದಿದ್ದಳು. ಊರು ಆಡಿಸ್ ಅಬಾಬಾ. ತಂದೆಗೆ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಕೆಲಸ. ಸೆಪ್ಟೆಂಬರ್ ಕಳೆಯಿತು, ಕ್ರಿಸ್‌ಮಸ್ ಬಂತು, ಹುಡುಗಿ ಒಂದು ಅಕ್ಷರ ಮಾತಾಡಲಿಲ್ಲ. ಕರೆದರೆ ತಲೆಯೆತ್ತುತ್ತಿದ್ದಳು, ಪಕ್ಕದವಳು ಪುಸ್ತಕ ತೆರೆದರೆ ತಾನೂ ತೆರೆಯುತ್ತಿದ್ದಳು, ಅಷ್ಟೇ. ಡೆಪ್ಯುಟಿ ಹೆಡ್ ಮಿಸ್ಟರ್ ಪ್ರಿಚರ್ಡ್ ಅವಳನ್ನು ಒಂದು ತರಗತಿ ಕೆಳಗೆ ಕಳಿಸುವುದೆಂದು ಸಭೆಯಲ್ಲಿ ಹೇಳಿದರು. ಮನೆಯಲ್ಲೂ ಇಂಗ್ಲಿಷನ್ನೇ ಆಡಿ ಎಂದು ತಂದೆತಾಯಿಗೆ ತಿಳಿಸಬೇಕು ಎಂದೂ ಸೇರಿಸಿದರು. ಎತ್ತರದ, ಕಟ್ಟುನಿಟ್ಟಿನ ಮನುಷ್ಯ. ಕಾರಿಡಾರುಗಳಲ್ಲಿ 'ಇಲ್ಲಿ ಇಂಗ್ಲಿಷ್ ಮಾತ್ರ' ಎಂಬ ಫಲಕ ಹಾಕಿಸಿದ್ದವರೂ ಅವರೇ.

"ಅವಳಿಗೆ ಇನ್ನೊಂದಿಷ್ಟು ಸಮಯ ಕೊಡಬಹುದಲ್ಲ" ಎಂದರು ರತ್ನಕ್ಕ.

"ಸಾಕಷ್ಟು ಕೊಟ್ಟಿದ್ದೇವೆ, ಮಿಸೆಸ್ ಬಾಯಿ. ಉಳಿದವರು ಮುಂದೆ ಹೋಗುತ್ತಿದ್ದಾರೆ" ಎಂದು ಅವರು ಮುಂದಿನ ವಿಷಯ ಎತ್ತಿಕೊಂಡರು.

ಸಂಜೆ ಬಸ್ ಸ್ಟಾಪಿನಲ್ಲಿ ರತ್ನಕ್ಕ ಕೈಗವಸು ಹಾಕಿಕೊಳ್ಳುವುದನ್ನೂ ಮರೆತು ನಿಂತಿದ್ದರು. ಅವರ ಮಗಳು ನಿಖಿತಾಳ ಕಥೆ ನನಗೆ ತಿಳಿದದ್ದು ಅಂದೇ. ಗಂಡ ಡಾಕ್ಟರ್ ವೀರಣ್ಣನವರಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಆ ಮಗುವಿಗೆ ಆರು ವರ್ಷ. ಇಲ್ಲಿಯ ಶಾಲೆಯಲ್ಲಿ ಅವಳೂ ಹೀಗೇ ಮೂಕಿಯಾಗಿ ಕೂತಳು. ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದರು ಅಲ್ಲಿಯ ಶಿಕ್ಷಕರು.

"ನಿಲ್ಲಿಸಿದ್ವಿ. ನಾನೂ ಮಾಸ್ತರ್ತಿ, ಮಾಸ್ತರು ಹೇಳಿದ್ದು ಸುಳ್ಳಿರತೈತೇನು ಅಂತ ನಿಲ್ಲಿಸಿದ್ವಿ. ನಿಖಿತಾ ಇಂಗ್ಲಿಷ್ ಕಲತಳು, ಭಾಳ ಛಲೋ ಕಲತಳು. ಈಗ ನಾ ಕನ್ನಡದಾಗ ಕೇಳಿದ್ರ ಇಂಗ್ಲಿಷಿನ್ಯಾಗ ಉತ್ತರ ಕೊಡತಾಳ. ಅಕಿ ತಪ್ಪೇನೈತಿ? ಬಾಗಲಾ ಹಾಕಿದವರು ನಾವ."

ಬಸ್ಸು ಬಂತು.

ಜನವರಿಯಲ್ಲಿ ಶಾಲೆ ತೆರೆಯುವ ಮುನ್ನಾದಿನ ಇನ್‌ಸೆಟ್ ಡೇ. ಹೊಸದಾಗಿ ಬಂದ ಮಕ್ಕಳಿಗೆ ಪಾಠ ಹೇಳುವುದು ಹೇಗೆ ಎಂಬುದು ವಿಷಯ. ಹಾಲಿನಲ್ಲಿ ಕುರ್ಚಿ ಹಾಕಿ, ಬಿಸ್ಕತ್ತು ಜೋಡಿಸಿ ಕಾಯುತ್ತಿದ್ದರೆ, ತರಬೇತಿ ಕೊಡಬೇಕಾದವರು ಜ್ವರದಿಂದ ಮಲಗಿದ್ದಾರೆಂದು ಫೋನ್ ಬಂತು. ಹೆಡ್ ಟೀಚರ್ ಕೈಚೆಲ್ಲಿ ನಿಂತರು. "ಇಷ್ಟು ಜನ ಸೇರಿದ್ದೀರಿ. ಯಾರಾದರೂ ಏನಾದರೂ ಮಾಡಬಲ್ಲಿರಾ?"

ರತ್ನಕ್ಕ ಎದ್ದರು. "ನಾನು ಒಂದು ಪಾಠ ಮಾಡಲೇ?"

ಹೆಡ್ ಟೀಚರ್ ಆಗಲಿ ಎಂದು ತಲೆಯಾಡಿಸಿದರು. ರತ್ನಕ್ಕ ನನ್ನ ಪಕ್ಕ ಹಾದು ಹೋಗುವಾಗ ನಾನು ಗಾಬರಿಯಿಂದ ಸೆರಗು ಹಿಡಿದೆ. "ರತ್ನಕ್ಕ, ನಿಜವಾಗ್ಲೂ ಮಾಡ್ತೀರಾ? ಏನೂ ತಯಾರಿ ಇಲ್ಲವಲ್ಲ!"

"ನೀ ಸುಮ್ನಿರು. ಎಲ್ಲಾರಂಗ ವಿದ್ಯಾರ್ಥಿ ಆಗಿ ಕುಂದ್ರು. ಯಾರಿಗೂ ಅರ್ಥ ಹೇಳಿಕೊಡಬ್ಯಾಡ."

ಬೋರ್ಡಿನ ಮುಂದೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರು ನಗುತ್ತ ಶುರು ಮಾಡಿದರು. ಶುದ್ಧ ಕನ್ನಡದಲ್ಲಿ.

"ಎಲ್ಲಾರಿಗೂ ನಮಸ್ಕಾರ್ರಿ. ಪೆನ್ನು ತಗೀರಿ."

ಪೆನ್ನು ಎಂಬುದೊಂದು ಹಿಡಿತಕ್ಕೆ ಸಿಕ್ಕಿತು. ಎಲ್ಲರೂ ಖುಷಿಯಿಂದ ಪೆನ್ನು ಎತ್ತಿ ತೋರಿಸಿದರು. ಹಾಲಿನಲ್ಲಿ ನಗು ಹರಡಿತು.

"ಹಾಳಿ ಮ್ಯಾಲ ನಿಮ್ಮ ಹೆಸರು ಬರೀರಿ. ಹೆಸರಿನ ಕೆಳಗ ಒಂದು ಗೆರಿ ಎಳೀರಿ."

ನಗು ನಿಂತಿತು. ನಾನು ಬರೆದೆ. ನನ್ನ ಎಡಗಡೆಯಲ್ಲಿದ್ದ ಸಂಗೀತದ ಟೀಚರ್ ನನ್ನ ಕೈಯನ್ನೇ ನೋಡಿ, ತಾನೂ ಒಂದು ಗೆರೆ ಎಳೆದಳು. ಅವಳ ಕೈ ನೋಡಿ ಅವಳಾಚೆಯವನು ಎಳೆದ. ಹಿಂದಿನ ಸಾಲಿನವರು ಕತ್ತು ಚಾಚಿದರು. ಹಿರುತ್ ದಿನವೂ ಮಾಡುತ್ತಿದ್ದುದು ಇದನ್ನೇ ಎಂದು ನನಗೆ ಥಟ್ಟನೆ ಹೊಳೆಯಿತು.

ರತ್ನಕ್ಕ ಬೋರ್ಡಿನ ಮೇಲೆ ಕನ್ನಡ ಅಂಕಿಗಳಲ್ಲಿ ಸುಲಭದ ಕೂಡುವ ಲೆಕ್ಕ ಬರೆದರು. ಗಣಿತದ ಮೇಷ್ಟ್ರು ೧ನ್ನು ಸೊನ್ನೆಯೆಂದು ತಿಳಿದು ಏನೋ ಗೀಚಿದರು. ರತ್ನಕ್ಕ ಅವರ ಹಾಳೆ ನೋಡಿ, ಮೃದುವಾಗಿ ತಲೆಯಲ್ಲಾಡಿಸಿ, ಬೆನ್ನು ತಟ್ಟಿ ಮುಂದೆ ಹೋದರು. ಆ ಮೇಷ್ಟ್ರ ಕಿವಿ ಕೆಂಪಾಯಿತು. ಕೊನೆಗೆ ರತ್ನಕ್ಕ ಮಿಸ್ಟರ್ ಪ್ರಿಚರ್ಡ್ ಮುಂದೆ ನಿಂತರು.

"ಸರ್, ನಿನ್ನೆ ಊಟಕ್ಕ ಏನು ಮಾಡಿದ್ರಿ?"

ಅವರು ಮುಗುಳ್ನಕ್ಕರು. ರತ್ನಕ್ಕ ಅದನ್ನೇ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದರು. ಆಮೇಲೆ ಇನ್ನಷ್ಟು ಜೋರಾಗಿ. ನಾವೆಲ್ಲ ಹೊಸ ಮಕ್ಕಳ ಹತ್ತಿರ ಮಾತಾಡುವ ರೀತಿಯೇ ಅದು. ಇಡೀ ಹಾಲು ಪ್ರಿಚರ್ಡ್ ಅವರ ಬಾಯಿಯನ್ನೇ ನೋಡುತ್ತಿತ್ತು. ಅವರ ನಗು ಮಾಸಿತು. ಪೆನ್ನು ಕೆಳಗಿಟ್ಟು, ಎದ್ದು, ಬಾಗಿಲು ತೆರೆದು ಹೊರಗೆ ಹೋಗಿಬಿಟ್ಟರು.

ಅವರು ಹೋದ ದಿಕ್ಕನ್ನು ನೋಡಿ, ರತ್ನಕ್ಕ ನಮ್ಮ ಕಡೆ ತಿರುಗಿ, ಇಂಗ್ಲಿಷಿನಲ್ಲಿ ಹೇಳಿದರು: "ಇದು ಆದದ್ದು ಕಾಲು ಗಂಟೆ. ಹಿರುತ್ ಸೆಪ್ಟೆಂಬರಿನಿಂದ ಹೀಗೆ ಕೂತಿದ್ದಾಳೆ. ಆ ಹುಡುಗಿ ಎದ್ದು ಹೊರಗೆ ಹೋಗುವ ಹಾಗೂ ಇಲ್ಲ."

ಅಲ್ಲಿಂದ ಮುಂದೆ ಊಟದ ಹೊತ್ತಿನ ತನಕ ಮಾತು ನಿಲ್ಲಲೇ ಇಲ್ಲ. ಯಾರಿಗೆ ಸಿಟ್ಟು ಬಂತು, ಯಾರಿಗೆ ನಿದ್ದೆ ಬಂತು, ಯಾರು ಅರ್ಥವಾದಂತೆ ನಟಿಸಿದರು ಎಂದು ಒಬ್ಬೊಬ್ಬರೇ ಹೇಳಿಕೊಂಡರು. ರತ್ನಕ್ಕನಿಗೆ ಮಾತ್ರ ಸಮಾಧಾನವಿರಲಿಲ್ಲ. "ದೊಡ್ಡ ಮನಿಶ್ಯಾನ್ನ ಎಲ್ಲಾರ ಮುಂದ ಅವಮಾನ ಮಾಡಿದಂಗಾತು" ಎಂದು ನನ್ನ ಕೈ ಹಿಡಿದು ಅವರನ್ನು ಹುಡುಕಲು ಹೊರಟರು. ಸ್ಟಾಫ್‌ರೂಮಿನಲ್ಲಿ ಪ್ರಿಚರ್ಡ್ ಕೆಟಲಿನ ಮುಂದೆ ನಿಂತಿದ್ದರು. ನೀರು ಕುದಿದು ಆರಿದ್ದರೂ ಲೋಟಕ್ಕೆ ಬಗ್ಗಿಸಿರಲಿಲ್ಲ.

"ಕ್ಷಮಿಸಿ, ನಿಮ್ಮನ್ನೇ ಆರಿಸಬಾರದಿತ್ತು" ಎಂದರು ರತ್ನಕ್ಕ.

"ಅದಲ್ಲ, ಮಿಸೆಸ್ ಬಾಯಿ." ಅವರು ನಮ್ಮ ಕಡೆ ತಿರುಗದೆಯೇ ಹೇಳಿದರು. "ನನ್ನ ತಾಯಿ ವೇಲ್ಸ್‌ನಲ್ಲಿ ವೃದ್ಧರ ಆಶ್ರಮದಲ್ಲಿದ್ದಾರೆ. ನೆನಪು ಹೋಗಿದೆ. ಜೊತೆಗೆ ಇಂಗ್ಲಿಷೂ ಹೋಗಿದೆ. ಈಗ ಆಡುವುದು ಅಲ್ಲಿಯ ಭಾಷೆ ವೆಲ್ಷ್ ಮಾತ್ರ. ನಾನು ಮುಂದೆ ಬರಲಿ ಅಂತ ಅವರು ನನಗೆ ಅದನ್ನು ಕಲಿಸಲೇ ಇಲ್ಲ. ಕ್ರಿಸ್‌ಮಸ್ ದಿನ ಪಕ್ಕದಲ್ಲಿ ಕೂತಿದ್ದೆ. ಅವರು ಏನನ್ನೋ ಕೇಳುತ್ತಲೇ ಇದ್ದರು. ನಾನು ನಗುತ್ತಲೇ ಇದ್ದೆ."

ರತ್ನಕ್ಕ ಕೆಟಲನ್ನು ಮತ್ತೆ ಹಚ್ಚಿ, ಅವರಿಗೊಂದು ಚಹಾ ಮಾಡಿಕೊಟ್ಟರು.

ಹಿರುತ್ ನಮ್ಮ ತರಗತಿಯಲ್ಲೇ ಉಳಿದಳು. ಅವಳ ತಾಯಿಗೆ ಪ್ರಿಚರ್ಡ್ ಅವರೇ ಹೇಳಿದರಂತೆ, ಮನೆಯಲ್ಲಿ ನಿಮ್ಮ ಭಾಷೆಯನ್ನೇ ಧಾರಾಳವಾಗಿ ಆಡಿ ಎಂದು. ಕಾರಿಡಾರಿನ ಫಲಕಗಳನ್ನು ಈಸ್ಟರ್ ರಜೆಯಲ್ಲಿ ಗೋಡೆಗೆ ಬಣ್ಣ ಬಳಿಯುವಾಗ ತೆಗೆದರು, ಮತ್ತೆ ಹಾಕಲಿಲ್ಲ. ಮನುಷ್ಯ ಏನೂ ಮೆತ್ತಗಾಗಲಿಲ್ಲ. ತಡವಾಗಿ ಬಂದರೆ ಗಡಿಯಾರ ತೋರಿಸುವುದನ್ನು ಬಿಡಲಿಲ್ಲ. ಆದರೆ ಶನಿವಾರಗಳಂದು ವೆಲ್ಷ್ ತರಗತಿಗೆ ಹೋಗತೊಡಗಿದ್ದರು. ತಾಯಿ ತೀರಿಹೋಗುವ ಮೊದಲು ಅವರ ಜೊತೆ ಹವಾಮಾನದ ಬಗ್ಗೆ ಮಾತಾಡುವಷ್ಟು ಕಲಿತಿದ್ದರು. "ವೇಲ್ಸ್‌ನಲ್ಲಿ ಅಷ್ಟು ಬಂದರೆ ಸಾಕು, ದಿನವೆಲ್ಲ ಮಾತಾಡಬಹುದು" ಎಂದು ಒಮ್ಮೆ ನಮಗೆ ಹೇಳಿ ನಕ್ಕರು.

ಹಿರುತ್ ಮಾತಾಡಿದ್ದು ಮಾರ್ಚಿನಲ್ಲಿ, ಊಟದ ಸಾಲಿನಲ್ಲಿ. ರತ್ನಕ್ಕನನ್ನು ಮೇಲಿಂದ ಕೆಳಗೆ ನೋಡಿ ಸ್ಪಷ್ಟವಾದ ಇಂಗ್ಲಿಷಿನಲ್ಲಿ, "ಮಿಸೆಸ್ ಬಾಯಿ, ನಿಮ್ಮ ಕಾರ್ಡಿಗನ್ ಗುಂಡಿ ತಪ್ಪಾಗಿ ಹಾಕಿದ್ದೀರಿ" ಎಂದಳು. ರತ್ನಕ್ಕ ಗುಂಡಿ ಸರಿಮಾಡಿಕೊಂಡು "ಥ್ಯಾಂಕ್ ಯೂ, ಹಿರುತ್" ಎಂದರು, ದಿನವೂ ಆಡುವ ಮಾತೇನೋ ಎಂಬಂತೆ. ಆಮೇಲೆ ಅಡುಗೆಮನೆಯ ಹಿಂದೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡದ್ದನ್ನು ಕಂಡವಳು ನಾನೊಬ್ಬಳೇ. ಜೂನಿನ ಇಂಟರ್‌ನ್ಯಾಷನಲ್ ಡೇ ದಿನ ಹಿರುತ್ ತನ್ನ ತಾಯಿ ಮಾಡಿದ ಇಂಜೆರಾ ಹಂಚುತ್ತ ಬಾಯಿ ಮುಚ್ಚದೆ ಮಾತಾಡಿದಳು. ನಮ್ಮ ದೋಸೆಯ ಅಣ್ಣನಂತಿದ್ದ ಆ ಹುಳಿ ರೊಟ್ಟಿಯನ್ನು ವೀರಣ್ಣನವರು ಎರಡೆರಡು ಸಲ ಕೇಳಿ ಹಾಕಿಸಿಕೊಂಡರು. ಜುಲೈನಲ್ಲಿ ಆ ಕುಟುಂಬಕ್ಕೆ ರೋಮ್‌ಗೆ ವರ್ಗವಾಯಿತು. ಆಮೇಲೆ ಅವಳ ಸುದ್ದಿ ನಮಗೆ ತಿಳಿಯಲಿಲ್ಲ.

ಆ ಕನ್ನಡ ಪಾಠ ಪ್ರತಿ ಸೆಪ್ಟೆಂಬರಿನ ಮೊದಲ ತರಬೇತಿಯಾಗಿ ನೆಲೆನಿಂತಿತು. ಹೆಡ್ ಟೀಚರ್ ಒತ್ತಾಯಿಸಿ ರತ್ನಕ್ಕನನ್ನು ಸಂಜೆ ಕಾಲೇಜಿಗೆ ಸೇರಿಸಿದರು. ಐವತ್ತು ದಾಟಿದ ಮೇಲೆ ಅವರು ಮತ್ತೆ ವಿದ್ಯಾರ್ಥಿನಿಯಾದರು. ಪರೀಕ್ಷೆಯ ಹಿಂದಿನ ವಾರ ವೀರಣ್ಣನವರು ಅಡುಗೆ ಮಾಡಿ, ನಾವೆಲ್ಲ ಉಪ್ಪಿಲ್ಲದ ಸಾರು ಉಂಡದ್ದು ನೆನಪಿದೆ. ೨೦೦೨ರಲ್ಲಿ ಅವರಿಗೆ ಇಲ್ಲಿಯ ಶಿಕ್ಷಕಿಯ ಅರ್ಹತೆ ಸಿಕ್ಕಿ, ತಮ್ಮದೇ ತರಗತಿ ಸಿಕ್ಕಿತು. ಬೇರೆ ಶಾಲೆಗಳೂ ಕರೆಯತೊಡಗಿದವು. ಒಮ್ಮೆ ಕ್ರೋಯ್ಡನ್‌ನ ಒಂದು ಶಾಲೆಗೆ ನಾವಿಬ್ಬರೂ ಟ್ರಾಮಿನಲ್ಲಿ ಹೋದೆವು. ಅಲ್ಲಿ ತಮಿಳು ಬಲ್ಲ ಮೇಷ್ಟ್ರೊಬ್ಬರು ಅರ್ಧಂಬರ್ಧ ಊಹಿಸಿ ಉತ್ತರ ಹೇಳಿ ಪಾಠವನ್ನೇ ಕೆಡಿಸಿದರು. ದಾರಿಯುದ್ದಕ್ಕೂ ಅದನ್ನು ನೆನೆದು ನಕ್ಕೆವು.

ನಿಖಿತಾ ಡಾಕ್ಟರಾಗಿ ಬರ್ಮಿಂಗ್‌ಹ್ಯಾಮ್‌ಗೆ ಹೋದಳು. ಒಂದು ಮಧ್ಯಾಹ್ನ ರತ್ನಕ್ಕನ ಮನೆಯಲ್ಲಿ ನಾನಿದ್ದಾಗಲೇ ಅವಳ ಫೋನ್ ಬಂತು. ವಾರ್ಡಿನಲ್ಲಿ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬಳು, ಇಂಗ್ಲಿಷ್ ಬಾರದು, ಎಲ್ಲಿ ನೋವು ಎಂದು ಕನ್ನಡದಲ್ಲಿ ಕೇಳುವುದು ಹೇಗೆ ಎಂದು ನಿಖಿತಾ ಅವಸರದಲ್ಲಿ ವಿಚಾರಿಸಿದಳು. ರತ್ನಕ್ಕ ಹೇಳಿಕೊಟ್ಟರು. ಆ ಕಡೆಯಿಂದ ತಡವರಿಸಿದ ದನಿ: "ಎಲ್ಲೆ... ನೋಯತೈತ್ರಿ?"

"ಹಾಂ, ಹಂಗ. ಗಡಬಡಿಸಬ್ಯಾಡ, ಸಾವಕಾಶ ಕೇಳು." ಫೋನ್ ಇಟ್ಟ ಮೇಲೆ ಅವರು ಬಹಳ ಹೊತ್ತು ತೊಗರಿಬೇಳೆ ಆರಿಸುತ್ತ ಕೂತರು. ಅದರಲ್ಲಿ ಆರಿಸುವುದಕ್ಕೆ ಒಂದು ಕಲ್ಲೂ ಇರಲಿಲ್ಲ.

೨೦೦೯ರ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಸೆಪ್ಟೆಂಬರಿನ ಪಾಠ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಹಾಲಿನಲ್ಲಿ ದೊಡ್ಡ ಪರದೆ, ಕಂಪ್ಯೂಟರು ಬಂದಿದ್ದವು. ನಾನು ಚಿತ್ರಗಳನ್ನೆಲ್ಲ ಜೋಡಿಸಿಕೊಂಡು, ನನ್ನ ಬೆಂಗಳೂರು ಕನ್ನಡದಲ್ಲಿ ಒಂದೇ ಉಸಿರಿಗೆ ಪಾಠ ಮುಗಿಸಿದೆ. ರತ್ನಕ್ಕ ಅತಿಥಿಯಾಗಿ ಬಂದು ಹಿಂದಿನ ಸಾಲಿನಲ್ಲಿ, ಹೊಸದಾಗಿ ಸೇರಿದ ಶಿಕ್ಷಕರ ನಡುವೆ ಕೂತಿದ್ದರು.

ಆಮೇಲೆ ನಮ್ಮವರ ಅಂಗಡಿಗಳಿರುವ ಸೌತ್‌ಹಾಲ್‌ಗೆ ಹೋಗುವ ಬಸ್ಸಿನ ಮೇಲಂತಸ್ತಿನಲ್ಲಿ ಕೂತು ಕೇಳಿದೆ: "ಹೇಗಿತ್ತು ರತ್ನಕ್ಕ? ನಿಜ ಹೇಳಿ."

"ಪಾಠ ಛಲೋ ಇತ್ತು. ಆದ್ರ ಅವರು ಸುಮ್ನ ಕುಂತಾಗ ನಿನಗ ಹೆದರಿಕಿ ಆತು, ನಡುವ ಇಂಗ್ಲಿಷ್ ಹಾಕಿಬಿಟ್ಟಿ."

"ಪಾಪ ಅನ್ನಿಸ್ತು ಅವರನ್ನ ನೋಡಿ."

"ಅನಸತೈತಿ. ನನಗೂ ಅನಸತಿತ್ತು." ಅವರು ಕಿಟಕಿಯಿಂದಾಚೆ ಬ್ರಾಡ್‌ವೇ ರಸ್ತೆಯ ಜನಜಂಗುಳಿಯನ್ನು ನೋಡುತ್ತ ಹೇಳಿದರು. "ಮುಂದಿನ ವರ್ಷ ಇನ್ನೊಂದೀಟು ತಡಕೋ. ಏಳು, ಇಳಿಯೋಣು. ಹಸಿ ಶೇಂಗಾ ಬಂದಾವಂತ, ಮುಗಿಯೂದರಾಗ ಹೋಗಿ ತಗೊಳ್ಳೂಣು."