ದೊಡ್ಡತ್ತೆಯ ಕಣ್ಣಿನ ಪೊರೆ

ದೊಡ್ಡತ್ತೆಯ ಎರಡೂ ಕಣ್ಣಿನ ಪಾಪೆಗಳ ನಡುವೆ ಅಕ್ಕಿ ತೊಳೆದ ನೀರಿನ ಬಣ್ಣದ ಒಂದೊಂದು ಚುಕ್ಕೆ ಇತ್ತು. ಅವರು ಬಿಸಿಲಿಗೆ ಮುಖ ತಿರುಗಿಸಿದಾಗ ಮಾತ್ರ ಅದು ಕಾಣುತ್ತಿತ್ತು. ನಾನು ಮದುವೆಯಾಗಿ ದೇವನಹಳ್ಳಿ ಸೀಮೆಯ ಆ ಮನೆಗೆ ಬಂದ ದಿನ ಅವರು ನನ್ನ ಗಲ್ಲ ಹಿಡಿದೆತ್ತಿ ಬಹಳ ಹೊತ್ತು ನೋಡಿದರು. ಹೊಸ ಸೊಸೆಯನ್ನು ಅಳೆಯುತ್ತಿದ್ದಾರೆ ಎಂದುಕೊಂಡು ನಾನು ಹೆದರಿ ಕಣ್ಣು ತಗ್ಗಿಸಿದ್ದೆ.

ಅವರು ನನ್ನ ಮಾವನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಮನೆಯ ರೇಷ್ಮೆ ಹುಳು ಸಾಕಣೆಯನ್ನೆಲ್ಲ ಕೈಗೆ ತೆಗೆದುಕೊಂಡಿದ್ದರು. ಬೀದಿಯಲ್ಲಿ ಯಾರೇ ಹೋಗಲಿ, ಕೂಗಿ ಜಗುಲಿಯಲ್ಲಿ ಕೂರಿಸಿ ಏನಾದರೂ ಕೇಳಬೇಕು. ಆಗ ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಅದು ಹೇಗೆಂದು ಡ್ರೈವರನನ್ನು ಬಸ್ಸಿನಿಂದ ಇಳಿಸಿ ಕೇಳಿದ್ದರಂತೆ. "ಅದ್ಯಾಕಂಗೆ?" ಎನ್ನುವುದು ಅವರ ಬಾಯಲ್ಲಿ ಯಾವಾಗಲೂ ಇದ್ದ ಮಾತು.

ಆ ಪ್ರಶ್ನೆಯನ್ನು ತಮ್ಮ ಕಣ್ಣಿಗೂ ಕೇಳಿಕೊಳ್ಳುತ್ತಿದ್ದರು. ನಾನು ಬಂದ ಮೊದಲ ವರ್ಷ, "ನೋಡವ್ವ, ದೀಪ ಹಚ್ಚಿದ್ರೆ ಸುತ್ತ ಕಾಮನಬಿಲ್ಲು ಕಾಣ್ತದೆ, ನಿಂಗೂ ಕಾಣ್ತದಾ?" ಎಂದರು. ಇಲ್ಲವೆಂದೆ. ಸಂಜೆ ಅಂಗಳದಲ್ಲಿ ನಿಂತು ಒಂದು ಕಣ್ಣು ಮುಚ್ಚಿ, "ಒಂದೇ ಕಣ್ಣಿಗೆ ಎರಡು ಚಂದ್ರ!" ಎಂದು ಬೆರಗಾದರು. ಮಟಮಟ ಮಧ್ಯಾಹ್ನ ಹೊಸಿಲು ಎಡವುವರು, ಹೊತ್ತಿಳಿದ ಮೇಲೆ ಸಲೀಸಾಗಿ ಓಡಾಡುವರು. ನಡುವೆ ಸ್ವಲ್ಪ ಕಾಲ ಸೂಜಿಗೆ ದಾರ ತಾವೇ ಪೋಣಿಸತೊಡಗಿ, ಕಣ್ಣು ವಾಪಸ್ಸು ಬಂತೆಂದು ಹಿಗ್ಗಿದ್ದರು. ಅದೂ ಬಹಳ ದಿನ ಉಳಿಯಲಿಲ್ಲ.

"ವಯಸ್ಸಾಯ್ತಲ್ಲಕ್ಕ," ಎನ್ನುತ್ತಿದ್ದರು ಮಾವ.

"ವಯಸ್ಸಾದ್ರೆ ನನ್ನ ಕೂದ್ಲು ನೆರೀಬೇಕು ಕಣೋ. ಚಂದ್ರ ಯಾಕೆ ಎರಡಾಗ್ತಾನೆ?"



ರೇಷ್ಮೆ ಹುಳು ಹಣ್ಣಾದಾಗ ಅದರ ಮೈ ಹಳದಿಗೆ ತಿರುಗುತ್ತದೆ. ಆಗಲೇ ಅದನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಆ ಆಯ್ಕೆಯಲ್ಲಿ ದೊಡ್ಡತ್ತೆ ತಪ್ಪಿದ್ದೇ ಇಲ್ಲವಂತೆ. ಆ ಸಲ ಅವರು ಆರಿಸಿ ಬಿಟ್ಟ ಹುಳುಗಳಲ್ಲಿ ಅರ್ಧಕ್ಕರ್ಧ ಗೂಡು ಕಟ್ಟದೆ ಸೊಪ್ಪು ಹುಡುಕುತ್ತ ಕೆಳಗೆ ಬಿದ್ದವು. ಮನೆಯವರೆಲ್ಲ ಬಿದ್ದವನ್ನು ಆರಿಸತೊಡಗಿದೆವು. ಅವರು ಒಂದು ಹಸಿ ಹುಳುವನ್ನು ಅಂಗೈ ಮೇಲಿಟ್ಟು ನನ್ನತ್ತ ಚಾಚಿ, "ಇದು ಏನು ಬಣ್ಣ?" ಎಂದರು.

"ಬಿಳಿ, ಅತ್ತೆ."

ತಮ್ಮ ಸೆರಗು ತೋರಿಸಿದರು. "ಇದು?"

"ಅದೂ ಬಿಳೀನೇ."

"ನಂಗೆ ಎರಡೂ ಹಳದಿ ಕಾಣ್ತಾವಲ್ಲೇ," ಎಂದರು. ಅವರ ದನಿಯಲ್ಲಿ ಅಳುಕು ಕೇಳಿದ್ದು ನನಗೆ ಅದೇ ಮೊದಲು.

ಆಗ ಊರೂರು ತಿರುಗಿ ಪೊರೆ ತೆಗೆಯುವವನೊಬ್ಬ ಬರುತ್ತಿದ್ದ. ಮಾವ ಕರೆಸಿದರು. ಸೂಜಿಯಿಂದ ಪೊರೆಯನ್ನು ತಳ್ಳಿದರೆ ಆಗಿಂದಾಗಲೇ ಕಾಣುತ್ತದೆಂದ.

"ತಳ್ಳಿದ್ದು ಎಲ್ಲಿಗೆ ಹೋಗ್ತದಪ್ಪ?"

"ಒಳಗೇ ಇರ್ತದೆ ತಾಯಿ, ಕೆಳಗೆ."

"ಒಳಗೇ ಇದ್ರೆ ಸುಮ್ನಿರ್ತದಾ? ಹಿಂದೆ ಯಾರಿಗೆ ಮಾಡಿದ್ದೀಯ, ಹೇಳು. ಹೋಗಿ ನೋಡ್ಕೊಂಡು ಬರ್ತೀನಿ."

ನಿಜವಾಗಿಯೂ ಹೋದರು. ನನ್ನ ಭುಜ ಹಿಡಿದುಕೊಂಡು ಪಕ್ಕದ ಊರಿಗೆ ನಡೆದರು. ಅವನ ಕೈಯಲ್ಲಿ ಪೊರೆ ತಳ್ಳಿಸಿಕೊಂಡಿದ್ದ ಅಲ್ಲಿನ ಮುದುಕ, ಒಂದು ಸುಗ್ಗಿಯವರೆಗೆ ಚೆನ್ನಾಗಿ ಕಂಡಿತು, ಆಮೇಲೆ ನೋವು ಬಂದು ಕತ್ತಲಾಯಿತು ಎಂದ. ದೊಡ್ಡತ್ತೆ ಅವನ ಕೈ ಹಿಡಿದು ಸಮಾಧಾನ ಹೇಳಿ ಎದ್ದರು. ಬರುವ ದಾರಿಯಲ್ಲಿ, "ಬೆಂಗಳೂರಿಗೆ ಹೋಗಣ," ಎಂದರು.

ಮಾವ ಕೂಗಾಡಿದರು. ಕಣ್ಣಿಗೆ ಕತ್ತಿ ಹಾಕಿಸಿಕೊಂಡು ಇರುವುದೂ ಹೋದರೆ? ದೊಡ್ಡತ್ತೆಗೂ ಆ ಭಯವಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯಾರನ್ನೂ ಏನೂ ಕೇಳಲಿಲ್ಲ.

ಕಣ್ಣಾಸ್ಪತ್ರೆಯ ಡಾಕ್ಟರು ಕತ್ತಲೆ ಕೋಣೆಯಲ್ಲಿ ಬ್ಯಾಟರಿ ಬಿಟ್ಟು ನೋಡಿದರು. ಆ ಕಡೆ ಈ ಕಡೆ ಬೆಳಕು ಹಿಡಿದು, ಎಲ್ಲಿಂದ ಬರುತ್ತಿದೆ ಹೇಳಿ ಎಂದರು. ದೊಡ್ಡತ್ತೆಯ ಬಾಯಿ ಮರಳಿ ಬಂತು. "ಅದ್ಯಾಕೆ ಸ್ವಾಮಿ ಕೇಳ್ತೀರಿ?"

ಡಾಕ್ಟರು ನಕ್ಕರು. "ಪೊರೆಯ ಹಿಂದಿನ ನರ ಚೆನ್ನಾಗಿದ್ರೆ ತಾನೆ ಅಮ್ಮ, ಪೊರೆ ತೆಗೆದು ಪ್ರಯೋಜನ? ನಿಮ್ದು ಚೆನ್ನಾಗಿದೆ. ಆದ್ರೆ ಪೊರೆ ಇನ್ನೂ ಪೂರ್ತಿ ಬಲಿತಿಲ್ಲ. ಕಾಯಬಹುದು. ಈಗ ಯಾವ ಕೆಲಸ ಮಾಡೋಕೆ ಕಷ್ಟ ಆಗ್ತಿದೆ, ಹೇಳಿ."

"ಹಣ್ಣಾದ ಹುಳ ಯಾವ್ದು, ಹಸೀದು ಯಾವ್ದು ತಿಳೀತಿಲ್ಲ. ಬಾವಿಗಿಳಿದ್ರೆ ಕೊನೇ ಮೆಟ್ಲು ಎಲ್ಲಿ, ನೀರೆಲ್ಲಿ ತಿಳೀತಿಲ್ಲ. ಮೊನ್ನೆ ಕಾಲಿಟ್ಟೇಬಿಟ್ಟಿದ್ದೆ."

ಅದನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಬ್ಯಾಟರಿ ಕೆಳಗಿಟ್ಟರು. "ಹಾಗಾದ್ರೆ ಕಾಯೋದು ಬೇಡ."

ಆಪರೇಷನ್ ಆದಮೇಲೆ ತಲೆಯ ಎರಡೂ ಪಕ್ಕ ಮರಳಿನ ಚೀಲವಿಟ್ಟು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಅಲ್ಲಾಡದಂತೆ ಮಲಗಿಸಿದರು. ನಾನು ಗಂಜಿ ಕುಡಿಸುತ್ತ ಪಕ್ಕದಲ್ಲಿದ್ದೆ. ಅವರು ಮಾತ್ರ ಅಕ್ಕಪಕ್ಕದ ಹಾಸಿಗೆಯವರನ್ನೆಲ್ಲ ಕೂಗಿ, ನಿಮಗೆ ದೀಪ ಹೇಗೆ ಕಾಣುತ್ತಿತ್ತು, ಬಿಸಿಲು ಹೇಗಿತ್ತು ಎಂದು ಕೇಳುತ್ತಲೇ ಇದ್ದರು. ಪಟ್ಟಿ ಬಿಚ್ಚಿ ದಪ್ಪ ಗಾಜಿನ ಕನ್ನಡಕ ಹಿಡಿದಾಗ ಮೊದಲು ನೋಡಿದ್ದು ನನ್ನ ಸೀರೆಯನ್ನು. "ನೀಲಿ!" ಎಂದು ಅದರ ಅಂಚನ್ನು ಸವರಿದರು. ಆಮೇಲೆ ನನ್ನ ಗಲ್ಲ ಹಿಡಿದು, "ಮೂಗಿನ ಪಕ್ಕ ಮಚ್ಚೆ ಐತಲ್ಲೇ ನಿಂಗೆ! ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ವಲ್ಲ," ಎಂದರು. ನಾನು ಅತ್ತುಬಿಟ್ಟೆ.

ಮರುವರ್ಷ ನನ್ನ ಮಗನ ನಾಮಕರಣಕ್ಕೆ ಅವರು ನೆಲಮಂಗಲದ ಬಳಿಯ ನನ್ನ ತವರಿಗೆ ಬಂದರು. ನನ್ನ ತಾಯಿ ಆಗ ಮೂಲೆ ಹಿಡಿದಿದ್ದರು. ಬಂದವರನ್ನು ಮಾತಾಡಿಸುವುದಿಲ್ಲ, ಗರ್ವ ಬಂದಿದೆ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ತಾಯಿ ಗೋಡೆ ಸವರುತ್ತ ನೀರುಮನೆಗೆ ಹೋಗುವುದನ್ನು ಕಂಡು ದೊಡ್ಡತ್ತೆ ಹಿಂದೆಯೇ ಹೋದರು. ಕೈ ಹಿಡಿದು ಬಿಸಿಲಿಗೆ ಕರೆತಂದು, ತಮ್ಮ ಕನ್ನಡಕ ತಾಯಿಯ ಹಣೆಗೆ ತಾಗುವಷ್ಟು ಬಗ್ಗಿ ನೋಡಿದರು. ದೀಪದ ಬಗ್ಗೆ ಕೇಳಿದರು, ಚಂದ್ರನ ಬಗ್ಗೆ ಕೇಳಿದರು, ಮೊಮ್ಮಗನ ಮುಖ ಕಾಣುತ್ತದಾ ಎಂದು ಕೇಳಿದರು. ತಾಯಿ ಇಲ್ಲವೆಂದು ತಲೆಯಾಡಿಸಿದರು.

"ನಂಗೂ ಹಿಂಗೇ ಆಗಿತ್ತು ಕಣವ್ವ. ಪೊರೆ ಇದ್ದಂಗೈತೆ. ನಡಿ, ಡಾಕ್ಟರಿಗೆ ತೋರ್ಸಣ. ನಾನೂ ಬರ್ತೀನಿ."

ಬಂದರು. ಆಸ್ಪತ್ರೆಯಲ್ಲಿ ನನ್ನ ತಾಯಿಯ ಪಕ್ಕವೇ ಚಾಪೆ ಹಾಸಿಕೊಂಡು ಮಲಗಿದರು.

ದೊಡ್ಡತ್ತೆ ಕೆಲವು ವರ್ಷಗಳ ಮೇಲೆ ಒಂದು ಮಾಗಿಯಲ್ಲಿ ಸಣ್ಣ ಜ್ವರಕ್ಕೆ ತೀರಿಕೊಂಡರು. ಮಣ್ಣಿಗೆ ನನ್ನ ತಾಯಿ ಬಂದಿದ್ದರು. ಬಸ್ಸಿಳಿದು, ಯಾರ ಕೈಯನ್ನೂ ಹಿಡಿಯದೆ, ಹಿಪ್ಪುನೇರಳೆ ತೋಟದ ಕಿರಿದಾದ ಬದುವಿನ ಮೇಲೆ ಒಬ್ಬರೇ ನಡೆದು ಬಂದರು.