ಯಾವ ಬಸ್ಸಿಗೆ ಹೋಪುದು

ನಾನು ಹುಟ್ಟಿದ ಮನೆಯಲ್ಲಿ ನನ್ನ ತಂಗಿ ನನಗೆ ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ ತಂದಿಟ್ಟಳು.

ನಮ್ಮ ಕಡೆ ಬೆಲ್ಲ ನೀರು ಕೊಡುವುದು ಬಂದ ನೆಂಟರಿಗೆ. ಮನೆಯವರಿಗೆ ಬಾಯಾರಿದರೆ ಅವರು ಒಳಗೆ ಹೋಗಿ ಕುಡಿಯುತ್ತಾರೆ. ನಾನು ಅವತ್ತು ಟ್ರಂಕು ಹೊತ್ತುಕೊಂಡು, ಇನ್ನು ಸಾಯುವ ತನಕ ಇಲ್ಲೇ ಎಂದು ಬಂದವಳು. ತಂಗಿ ಲಚ್ಚಿ ಕೆಟ್ಟ ಮನಸ್ಸಿನಿಂದ ಕೊಟ್ಟದ್ದಲ್ಲ. ಅವಳ ಕೈಗೆ ಹಾಗೆ ರೂಢಿ. ಮೂವತ್ತು ವರ್ಷ ಮೇಲಾಯಿತು, ನಾನು ಆ ಮನೆಗೆ ನೆಂಟಳಾಗಿಯೇ ಬಂದು ಹೋದದ್ದು. ಬೆಲ್ಲ ತಿಂದೆ, ನೀರು ಕುಡಿದೆ. ನೀರು ಸ್ವಲ್ಪ ಉಪ್ಪು. ಹುಟ್ಟಿದ ಮನೆಯ ಬಾವಿ ನೀರು ಉಪ್ಪೆಂಬುದೇ ನನಗೆ ಮರೆತುಹೋಗಿತ್ತು.

ಗಂಡನ ಮನೆಯ ಕೆರಾಡಿಯಿಂದ ತಾಯಿಮನೆಯ ಬಿಜೂರಿಗೆ ಎರಡು ಬಸ್ಸು ಹಿಡಿದರೆ ಆಯಿತು. ಇದನ್ನು ವಲಸೆ ಎಂದರೆ ಬೊಂಬಾಯಿಗೆ ಹೋದವರು ನಗುತ್ತಾರೆ. ನಗಲಿ. ಅವರಿಗೆ ಅಲ್ಲಿ ನಾಲ್ಕು ಜನ ನಮ್ಮೂರವರು ಸಿಗುತ್ತಾರೆ. ನನಗೆ ಇಲ್ಲಿ ಒಬ್ಬಳು ತಂಗಿ ಸಿಕ್ಕಿದಳು, ಅವಳೂ ಬೆಲ್ಲ ಕೊಟ್ಟಳು. ಕೆರಾಡಿಯವರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಕಾಗುಣಿತ ತಿದ್ದಿದ್ದು ನಮ್ಮ ನಾಟಕದ ಮಾಷ್ಟ್ರು. ಮಾತು ನನ್ನದು.

ನಾನು ಬಂದದ್ದು ತೊಂಬತ್ತೇಳರಲ್ಲಿ, ಮಳೆಗಾಲ ಮುಗಿದ ಮೇಲೆ. ಗಂಡ ಸತ್ತಿದ್ದರು. ಮಕ್ಕಳಿಲ್ಲ. ನಮ್ಮದು ಅಳಿಯಕಟ್ಟು. ಮನೆ ಹೆಣ್ಣಿನ ಕಡೆಯಿಂದ ನಡೆಯುವುದು. ಗಂಡನ ಮನೆ ಎಂದರೆ ಗಂಡನ ತಾಯಿಯದು, ಅವರ ನಂತರ ಗಂಡನ ಅಕ್ಕನದು. ಗಂಡ ಹೋದ ಮೇಲೆ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿ ಹೆಂಡತಿ ತನ್ನ ತಾಯಿಮನೆಗೆ ಹೋಗುವುದು ಹಿಂದಿನಿಂದ ಬಂದದ್ದು. ಈಗ ಕಾನೂನು ಬೇರೆ ಉಂಟಂತೆ. ಇರಬಹುದು. ಕಾನೂನು ಬಂದು ನಮ್ಮ ಜಗಲಿಯಲ್ಲಿ ಕೂತುಕೊಳ್ಳಲಿಲ್ಲ. ನಾನು ಬೊಜ್ಜದ ಮರುದಿನವೇ ಹೊರಟೆ. ಟ್ರಂಕಿನ ಕೊಂಡಿ ಹೋಗಿತ್ತು, ತೆಂಗಿನ ನಾರಿನ ಹಗ್ಗ ಬಿಗಿದು ಕಟ್ಟಿದ್ದೆ. ಆ ಹಗ್ಗವನ್ನು ಬಿಚ್ಚಿ ಬಿಜೂರಿನ ಹಿತ್ತಿಲಲ್ಲಿ ಬಟ್ಟೆ ಒಣಗಿಸಲಿಕ್ಕೆ ಕಟ್ಟಿದೆ. ಈಗಲೂ ಅದೇ ಹಗ್ಗ.

ಕೆರಾಡಿಯಲ್ಲಿ ಮುಖ ಎತ್ತಿದರೆ ಗುಡ್ಡ. ಬಿಜೂರಿನಲ್ಲಿ ಪಡುವಣಕ್ಕೆ ಮುಖ ಮಾಡಿದರೆ ಸಮುದ್ರ ಬಿಟ್ಟು ಏನೂ ಇಲ್ಲ, ಕಣ್ಣು ಹೋಗಿ ಹೋಗಿ ಬೇಜಾರಾಗಿ ವಾಪಸು ಬರುತ್ತದೆ. ಅಲ್ಲಿ ಮೀನು ಬರುವುದು ಮಧ್ಯಾಹ್ನ ಕಳೆದು, ಸೈಕಲ್ಲಿನ ಪೆಟ್ಟಿಗೆಯಲ್ಲಿ, ಐಸು ಕರಗಿ ಅರ್ಧ ಸತ್ವ ಹೋದ ಮೇಲೆ. ಇಲ್ಲಿ ಬೆಳಿಗ್ಗೆ ಹಲ್ಲುಜ್ಜುವಾಗಲೇ ಬುಟ್ಟಿ ಬಾಗಿಲಿಗೆ ಬಂದಿರುತ್ತದೆ. ಆದರೆ ಕಳಲೆ ಇಲ್ಲ. ಎಳೆ ಬಿದಿರಿನ ಆ ಪಲ್ಯ ನೆನೆಸಿಕೊಂಡು ನಾನು ಬಂಗುಡೆ ತಿಂದಿದ್ದೇನೆ. ಅಲ್ಲಿ ನೆರೆಮನೆಗೆ ಒಂದು ಮಾತು ಹೇಳಬೇಕಾದರೆ ಗದ್ದೆಯ ಆಚೆಗೆ ಕೇಳುವಂತೆ ಕೂಗಬೇಕು. ಇಲ್ಲಿ ಮನೆಗೆ ಮನೆ ತಾಗಿಕೊಂಡಿದೆ. ನಾನು ಮಾತಾಡಿದರೆ ಲಚ್ಚಿ ಬಾಗಿಲಿಗೆ ಓಡಿ ಬರುತ್ತಿದ್ದಳು.

"ಅಕ್ಕ, ಮೆಲ್ಲ ಮಾತಾಡ್. ಜಗ್ಳ ಅಂದ್ಕಂತ್ರ್."

"ಉಪ್ಪಿನ್ ಡಬ್ಬಿ ಎಲ್ಲಿತ್ ಅಂದ್ ಕೇಂಡದ್ದ್ ಮಾರಾಯ್ತಿ."

"ಅದನ್ನೇ ಮೆಲ್ಲ ಕೇಣ್."

ಒಂದು ವರ್ಷ ನಾನು ಮೆಲ್ಲ ಕೇಳಿದೆ. ಅದರಿಂದ ಗಂಟಲು ಕೆಟ್ಟಿತೇ ಹೊರತು ಬೇರೆ ಪ್ರಯೋಜನ ಆಗಲಿಲ್ಲ. ಮತ್ತೆ ಗೇರುಬೀಜದ ಕಾರ್ಖಾನೆಗೆ ಸೇರಿದೆ. ಅಲ್ಲಿ ಸಾಲಾಗಿ ಕೂತು ತಿರುಳಿನ ಮೇಲಿನ ತೆಳು ಸಿಪ್ಪೆ ತೆಗೆಯುವುದು. ಕೈಗೆ ಕೆಲಸ, ಬಾಯಿಗೆ ರಜೆ ಇಲ್ಲ. ಎಲ್ಲರೂ ಗಟ್ಟಿಯಾಗಿಯೇ ಮಾತಾಡುವವರು. ನಾನು ಕೆರಾಡಿಯವರು ಹೇಗೆ ಮಾತಾಡುತ್ತಾರೆಂದು ಮಾಡಿ ತೋರಿಸಿದರೆ ಪಕ್ಕದ ಶಾರದಾ ಸಿಪ್ಪೆ ಚೂರಿ ಕೆಳಗಿಟ್ಟು ನಗುತ್ತಿದ್ದಳು.

ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಒಮ್ಮೆ ಬ್ರಹ್ಮಾವರದ ಒಂದು ನಾಟಕ ತಂಡ ಬಂತು. ತಂಡ ನಡೆಸುವವರು ವಾಸುದೇವ ಮಾಷ್ಟ್ರು, ಶಾಲೆಯಿಂದ ನಿವೃತ್ತಿಯಾದವರು. ಕುಂದಾಪ್ರ ಕನ್ನಡದ ಹಾಸ್ಯ ನಾಟಕ. ಅದರಲ್ಲಿ ಒಂದು ಮುದುಕಿ. ಕಿವುಡಿ, ಕೋಲು ಹಿಡಿದಿದ್ದಾಳೆ, ಎರಡು ಸಲ ಬಿದ್ದಳು. ಬಾಯಿ ತೆಗೆದರೆ ಒಂದೋ ಬೈಗುಳ, ಇಲ್ಲದಿದ್ದರೆ ಅಳು. ಮುಗಿದ ಮೇಲೆ ಮಾಷ್ಟ್ರು ಮೈಕಿನಲ್ಲಿ, ಯಾರಾದರೂ ಅಭಿಪ್ರಾಯ ಹೇಳಬಹುದು ಎಂದರು. ಅದು ಹೇಳುವ ಕ್ರಮಕ್ಕೆ ಹೇಳಿದ್ದು. ನಾನು ಎದ್ದು ನಿಂತೆ.

"ಮಾಷ್ಟ್ರೆ, ಆ ಮುದ್ಕಿ ಮಾತ್ ಸಮ ಇಲ್ಲೆ. ಮುದ್ಕಿಯರ್ ಹಾಂಗ್ ಬೀಳುದಿಲ್ಲ. ಬಿದ್ರೆ ಏಳುದಿಲ್ಲ."

ಜನ ನಕ್ಕರು. ಮಾಷ್ಟ್ರೂ ನಕ್ಕರು. "ಹಾಂಗಾರೆ ನೀವೇ ಬರ್ದ್ ಕೊಡಿ ಕಾಂಬ."

"ಕೊಡ್ತೆ," ಎಂದೆ.

ಹೇಳುವುದು ಸುಲಭ. ನಾನು ಕಲಿತದ್ದು ಎರಡನೇ ಕ್ಲಾಸು. ಆಮೇಲೆ ಕೆರಾಡಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಲು ಬಂದಾಗ ಹೋಗಿ ಕೂತು, ಬಸ್ಸಿನ ಬೋರ್ಡು ಓದುವಷ್ಟು ಕಲಿತಿದ್ದೆ. ಒತ್ತಕ್ಷರ ಕಂಡರೆ ಈಗಲೂ ಆಗುವುದಿಲ್ಲ. ಒಂದು ನೂರು ಪುಟದ ಪುಸ್ತಕ ತಂದೆ. ಬರೆದದ್ದು ಎಂದ ಮೇಲೆ ಬರೆದ ಹಾಗೆಯೇ ಇರಬೇಕೆಂದು ಪಾಠಪುಸ್ತಕದ ಮಾತಿನಲ್ಲಿ ಬರೆದೆ. ಎರಡು ತಿಂಗಳು ಹಿಡಿಯಿತು. ಶಾರದಾ ಊಟದ ಹೊತ್ತಿಗೆ ಗಟ್ಟಿಯಾಗಿ ಓದಿದಳು: "ಎಲೈ ಮಗಳೇ, ನೀನು ಎಲ್ಲಿಗೆ ಹೊರಟಿರುವೆ?"

ಸಾಲಿಗೆ ಸಾಲೇ ನಕ್ಕಿತು.

"ಗುಲಾಬಕ್ಕ, ಕಂಡಕ್ಟ್ರಿಗೆ ಹೀಂಗ್ ಹೇಳಿರೆ ಅವ ಟಿಕೇಟ್ ಕೊಡುದಿಲ್ಲ, ಕೈ ಮುಗಿತ," ಎಂದಳು ಶಾರದಾ.

ಪುಸ್ತಕವನ್ನು ಒಲೆಗೆ ಹಾಕಿದೆ. ಇನ್ನೊಂದು ತಂದೆ. ಈ ಸಲ ಬಾಯಿಗೆ ಬಂದ ಹಾಗೆ ಬರೆದೆ. ಮಾತು ಸರಿಯಾಯಿತು. ಕಥೆ ಮಾತ್ರ ಟೀವಿಯದು. ಪಾಯಸಕ್ಕೆ ವಿಷ ಹಾಕುವ ಸೊಸೆ, ಕಳೆದುಹೋದ ಮಗ. ಅದನ್ನು ಹಿಡಿದುಕೊಂಡು ಬ್ರಹ್ಮಾವರಕ್ಕೆ ಹೋದೆ. ಅದು ಇನ್ನೊಂದು ಲೋಕ. ಅರ್ಧ ಜನ ತುಳು. "ಬಲೆ ಅಕ್ಕ" ಎಂದರು, ಬನ್ನಿ ಎಂದು ಅರ್ಥ. ನನಗೆ ಗೊತ್ತಿಲ್ಲದೆ ಬಾಗಿಲಲ್ಲೇ ನಿಂತಿದ್ದೆ. ಮಾಷ್ಟ್ರು ಪೂರ್ತಿ ಓದಿ ಕನ್ನಡಕ ತೆಗೆದರು.

"ಮಾತ್ ಲಾಯ್ಕ್ ಇತ್. ಆರೆ ಇದ್ರಗೆ ನೀವ್ ಹೇಳುದ್ ಎಂತ?"

"ಹೇಳುದ್ ಎಲ್ಲ ಬರ್ದಿದೆ ಅಲ್ದಾ?"

"ಅದ್ ಟೀವಿಯರ್ ಹೇಳಿದ್. ನಿಮ್ದ್ ಎಂತ ಇತ್?"

ವಾಪಸು ಬರುವ ಬಸ್ಸಿನಲ್ಲಿ ಅವರಿಗೆ ಮನಸ್ಸಿನಲ್ಲೇ ಬೈದೆ. ಆದರೆ ಸಿಪ್ಪೆ ತೆಗೆಯಲು ಕೂತಾಗ ಅದೇ ಮಾತು. ನನ್ನದು ಎಂತ ಇತ್ತು? ಹೊಲ ಇಲ್ಲ, ಮಗು ಇಲ್ಲ. ಎರಡು ಬಸ್ಸಿನ ದಾರಿ ಇತ್ತು, ಅಷ್ಟೆ.

ಆಗ ನಮ್ಮ ಸಾಲಿಗೆ ಒಬ್ಬಳು ಹೊಸಬಳು ಬಂದಳು. ಗಂಡ ಹೋಗಿ ತಿಂಗಳು. ತಾಯಿಮನೆಗೆ ಬಂದು ಸೇರಿದವಳು. "ನಿನ್ನ ಹೋಗ್ ಅಂದ್ರಾ?" ಎಂದು ಶಾರದಾ ಕೇಳಿದಳು. "ಯಾರೂ ಹೇಳ್ಲಿಲ್ಲ," ಎಂದಳು ಅವಳು. ಅಷ್ಟು ಕೇಳಿದ್ದೇ ತಡ, ನನಗೆ ಬೊಜ್ಜದ ಮರುದಿನ ಕಣ್ಣ ಮುಂದೆ ಬಂತು. ನನಗೂ ಯಾರೂ ಹೋಗು ಎನ್ನಲಿಲ್ಲ. ಗಂಡನ ಅಕ್ಕ, ನಾನು ಅತ್ತಿಗೆ ಎಂದು ಕರೆಯುವ ರುಕ್ಕು, ಜಗಲಿಯಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ಯಾವ್ ಬಸ್ಸಿಗ್ ಹೋಪ್ದ್, ಗುಲಾಬಿ?" ಯಾವ ಬಸ್ಸಿಗೆ ಹೋಗುವುದು ಎಂದು ಕೇಳುವುದು, ಹೋಗು ಎನ್ನುವುದಕ್ಕಿಂತ ಹೆಚ್ಚು.

ಅದನ್ನು ಬರೆದೆ. ಒಂದೇ ಮನೆ, ಒಂದೇ ಬೆಳಿಗ್ಗೆ, ಇಬ್ಬರು ಹೆಂಗಸರು. ಇಪ್ಪತ್ತು ದಿನದಲ್ಲಿ ಮುಗಿಯಿತು. ಮಾಷ್ಟ್ರು ಓದಿ ಕನ್ನಡಕ ತೆಗೆಯಲಿಲ್ಲ. ಗಂಡ ಸತ್ತವಳ ಪಾತ್ರಕ್ಕೆ ಶಾರದಾಳನ್ನೇ ಹಾಕಿದರು, ನಾನು ಹಠ ಮಾಡಿದ್ದಕ್ಕೆ.

ಕುಂದಾಪುರದಲ್ಲಿ ಮೊದಲ ಪ್ರದರ್ಶನ. ಬಸ್ಸಿನ ಮಾತು ಬಂದಾಗ ಹೆಂಗಸರು ಕೂತಲ್ಲಿಂದಲೇ ಅತ್ತಿಗೆಗೆ ಬೈದರು. ಕೊನೆಗೆ ತಂಡದವರು ನನ್ನನ್ನು ಮೇಲೆ ಕರೆದು ಶಾಲು ಹೊದೆಸಲು ಬಂದರು, ಹಣ್ಣಿನ ಬುಟ್ಟಿ ಬೇರೆ. ನಾನು ಶಾಲು ಹಿಡಿದುಕೊಂಡು ಕೇಳಿದೆ. "ಮಾಷ್ಟ್ರೆ, ಲೈಟಿನವ್ರಿಗೆ ಎಂತ ಕೊಡ್ತ್ರಿ?"

"ಅವ್ರಿಗೆ ದುಡ್ಡ್."

"ಹಾರ್ಮೋನಿಯಂನವ್ರಿಗೆ?"

"ದುಡ್ಡೇ."

"ನಂಗೂ ಅದೇ ಕೊಡಿ. ಈ ಸೆಕಿಗೆ ಶಾಲ್ ಹೊದ್ಕಂಡ್ ನಾ ಎಲ್ಲಿಗ್ ಹೋಪ್ದ್?"

ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿತು. ಮುಂದಿನ ಪ್ರದರ್ಶನದಿಂದ ದುಡ್ಡಿನ ಕವರು ಬಂತು. ಮೇಲೆ 'ರಚನೆ: ಗುಲಾಬಿ' ಎಂದು ಬರೆದಿತ್ತು. ಒತ್ತಕ್ಷರ ಇರಲಿಲ್ಲ, ಸಲೀಸಾಗಿ ಓದಿದೆ. ಲಚ್ಚಿ ಕವರನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಬಾಯಿ ದೊಡ್ಡ ಇದ್ದದ್ದಕ್ಕೆ ದುಡ್ಡ್ ಕೊಡ್ತ್ರಾ? ನಾ ಸುಮ್ನೆ ನಿನ್ನ ಮೆಲ್ಲ ಮಾತಾಡ್ ಅಂದೆ ಕಾಣ್."

ನಾವುಂದದಲ್ಲಿ ಆಯಿತು, ಬ್ರಹ್ಮಾವರದಲ್ಲಿ ಎರಡು ಸಲ ಆಯಿತು. ಹೋದಲ್ಲೆಲ್ಲ ಜನ ಅತ್ತಿಗೆಗೆ ಬೈದರು. ಮತ್ತೆ ಕೆರಾಡಿಯಿಂದಲೇ ಕರೆ ಬಂತು. ಒಂದು ಭಾನುವಾರ ಮಧ್ಯಾಹ್ನ, ಶಾಲೆಯ ಅಂಗಳದಲ್ಲಿ. ಮಾಷ್ಟ್ರು ಹಿಂದೆ ಮುಂದೆ ನೋಡಿದರು.

"ನಿಮ್ ಅತ್ತಿಗೆ ಇದ್ರಲೆ ಅಲ್ಲಿ?"

"ಇದ್ರ್. ಅದ್ಕೇ ಹೋಪ."

ಗಟ್ಟಿಯಾಗಿ ಹೇಳಿದೆ. ಒಳಗೆ ಹೆದರಿಕೆ ಇತ್ತು. ನನ್ನ ಹತ್ತಿರ ಹೇಳಲಿಕ್ಕೆ ಇದ್ದದ್ದು ಅದೊಂದೇ. ಅತ್ತಿಗೆ ಎದ್ದು ನಿಂತು ಇದು ಸುಳ್ಳು ಎಂದರೆ ನಾನು ಮತ್ತೆ ಬರೀ ಸಿಪ್ಪೆ ತೆಗೆಯುವವಳು.

ಅತ್ತಿಗೆ ಮುಂದಿನ ಸಾಲಿನಲ್ಲೇ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಸ್ಸಿನ ಮಾತು ಬಂದಾಗ ಕೆರಾಡಿಯವರು ಯಾರೂ ಬೈಯಲಿಲ್ಲ. ಎಲ್ಲರೂ ಅತ್ತಿಗೆಯ ಮುಖ ನೋಡಿದರು. ಅವರು ಅಲ್ಲಾಡಲಿಲ್ಲ. ನಾಟಕ ಮುಗಿಯುತ್ತಲೇ ಎದ್ದು ಮನೆಗೆ ನಡೆದರು. ನಾನು ಹಿಂದಿನಿಂದ ಹೋದೆ.

ಅವರು ಜಗಲಿಯಲ್ಲಿ ಕೂತಿದ್ದರು. "ಬಂದ್ಯಾ? ನಿನ್ ನಾಟ್ಕ ಕಂಡೆ."

"ಹ್ಯಾಂಗಿತ್?"

"ನನ್ ಪಾರ್ಟ್ ಮಾಡಿದ್ ಹೆಣ್ಣಿಗೆ ಮೂಗ್ ಉದ್ದ ಆಯ್ತ್." ಕಾಲು ನೀಡಿಕೊಂಡರು. "ಬಸ್ಸಿನ್ ಮಾತ್ ನಾ ಕೇಂಡದ್ದಲ್ಲ. ನೀ ಕೇಂಡದ್ದ್."

"ಅಲ್ಲ ಅತ್ತಿಗೆ, ನೀವೇ ಕೇಂಡದ್ದ್. ಇಲ್ಲೇ ನಿಂತ್ಕಂಡ್."

"ನಾ ನಿಂತದ್ ಹೌದ್. ಬೊಜ್ಜದ್ ಪಾತ್ರೆ ತೊಳುಕೆ ಬಾಕಿ ಇತ್. ನೀ ಟ್ರಂಕ್ ತಕಂಡ್ ಹೊರಗ್ ಬಂದ್, 'ಅತ್ತಿಗೆ, ಯಾವ್ ಬಸ್ಸಿಗ್ ಹೋಪ್ದ್?' ಅಂದೆ. ನಾ ಎಂತ ಹೇಳುದ್? ಬಸ್ ಬಪ್ಪು ಹೊತ್ತ್ ಹೇಳ್ದೆ."

ನನಗೆ ಸಿಟ್ಟು ಬಂತು. ಹಾಗೆಲ್ಲ ಇಲ್ಲ ಎಂದೆ. ಅವರು ನನ್ನ ಮುಖ ನೋಡದೆ ಬಾವಿಯ ಕಡೆ ಕೈ ತೋರಿಸಿದರು.

"ನಿನ್ ಟ್ರಂಕಿಗೆ ಹಗ್ಗ ಕೊಟ್ಟದ್ದ್ ಯಾರ್? ಬೊಜ್ಜಕ್ ಮೂರ್ ದಿನ ಮೊದ್ಲೇ ನೀ ಬಾವಿ ಹಗ್ಗ ಕತ್ತರ್ಸಿ ಇಟ್ಕಂಡಿದ್ದೆ. ಅಷ್ಟ್ ಜನ ನೆಂಟ್ರ್, ಕೊಡಪಾನ ನೀರಿಗ್ ಮುಟ್ಟುದಿಲ್ಲ. ಸೀರೆ ಗಂಟ್ ಹಾಕಿ ನೀರ್ ಎಳ್ದೆ ನಾನ್. ಅದನ್ನ್ ಬರಿಲಿಲ್ಲ ನೀನ್."

ಬಿಜೂರಿನ ಹಿತ್ತಿಲ ಹಗ್ಗ ನೆನಪಾಯಿತು. ಅದರ ಒಂದು ಬದಿ ರಾಟೆಗೆ ಉಜ್ಜಿ ಸವೆದಿದೆ. ಹತ್ತು ವರ್ಷ ಅದರ ಮೇಲೆ ಸೀರೆ ಹರವಿದ್ದೇನೆ. ಅದು ಬಾವಿಯ ಹಗ್ಗ ಎಂದು ಒಮ್ಮೆಯೂ ಅಂದುಕೊಂಡಿರಲಿಲ್ಲ.

ಯಾರಾದರೂ ಹೋಗು ಎನ್ನುವ ಮೊದಲು ನಾನೇ ಹೊರಟದ್ದು. ಇರು ಎಂದರೆ ಇರಬೇಕಾಗುತ್ತದೆ, ಹೋಗು ಎಂದರೆ ಮನಸ್ಸು ತಡೆಯುವುದಿಲ್ಲ. ಎರಡನ್ನೂ ಕೇಳುವ ಧೈರ್ಯ ನನಗೆ ಇರಲಿಲ್ಲ. ಆಮೇಲೆ ಬಿಜೂರಿನಲ್ಲಿ ಕೂತು ಆ ಮಾತನ್ನು ಅತ್ತಿಗೆಯ ಬಾಯಿಗೆ ಹಾಕಿಕೊಂಡೆ. ಹಾಗೆ ಹಾಕಿಕೊಂಡರೆ ಇಲ್ಲಿ ಇರುವುದು ಸುಲಭವಾಗುತ್ತಿತ್ತು.

"ಬಾಯಾರ್ಕಿ ಆತ್ತಾ?" ಎಂದರು ಅತ್ತಿಗೆ. "ಒಳಗ್ ಹೋಯಿ ಕುಡಿ. ನಾ ತಂದ್ ಕೊಡುದಿಲ್ಲ."

ಒಳಗೆ ಹೋದೆ. ನೀರಿನ ಹಂಡೆ ಇದ್ದ ಮೂಲೆಯಲ್ಲಿ ಫ್ರಿಜ್ಜು ನಿಂತಿತ್ತು. ಲೋಟ ಎಲ್ಲಿದೆಯೆಂದು ಗೊತ್ತಾಗದೆ ಕೈಯಲ್ಲೇ ಹಿಡಿದು ನಲ್ಲಿಯಿಂದ ಕುಡಿದೆ. ನೀರು ಸಿಹಿ. ಹೊರಗೆ ಬಂದಾಗ ತಂಡದ ವ್ಯಾನು ಹಾರನ್ ಹಾಕುತ್ತಿತ್ತು. ಯಾವ ಬಸ್ಸಿಗೆಂದು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ.

ವ್ಯಾನಿನಲ್ಲೇ ಮಾಷ್ಟ್ರಿಗೆ ಹೇಳಿದೆ, ಆ ಮಾತನ್ನು ಶಾರದಾಳಿಗೆ ಕೊಡಬೇಕು, ಹಗ್ಗ ಕತ್ತರಿಸುವುದನ್ನೂ ಸೇರಿಸಬೇಕೆಂದು.

"ಜನ ಅತ್ತಿಗೆಗ್ ಬೈಯುದೇ ನಾಟ್ಕದ್ ಜೀವ, ಗುಲಾಬಕ್ಕ. ಅದ್ ತೆಗ್ದ್ರೆ ಯಾರ್ ಕರಿತ್ರ್?"

"ಕರೀದೆ ಇದ್ರೆ ಬೇಡ. ನಿಮ್ದ್ ಎಂತ ಇತ್ ಅಂದ್ ಕೇಂಡದ್ದ್ ನೀವೇ ಅಲ್ದಾ? ಇದೇ ನಂದ್."

ಕುಂದಾಪುರದಲ್ಲಿ ನಾನು ಇಳಿಯುವಾಗ ಅವರು, ನಾಳೆ ಬರೆದು ಕಳಿಸಿ ಎಂದರು. ಬರೆದೆ. ಈಗ ಯಾರೂ ಬೈಯುವುದಿಲ್ಲ. ಮೊದಲಿನಷ್ಟು ಕರೆಯುವುದೂ ಇಲ್ಲ. ಕರೆದಲ್ಲಿ, ಶಾರದಾ ಕತ್ತಿ ಹಿಡಿದು ಬಾವಿ ಹಗ್ಗದ ಮುಂದೆ ನಿಂತಾಗ, ಅಂಗಳದಲ್ಲಿ ಕೆಮ್ಮು ಕೂಡ ಕೇಳುವುದಿಲ್ಲ. ಕವರು ಬರುತ್ತಾ ಇದೆ. ಈಗ ಎರಡನೆಯ ನಾಟಕ ಬರೆಯುತ್ತಿದ್ದೇನೆ, ಸೀರೆ ಗಂಟು ಹಾಕಿ ನೀರು ಎಳೆದವಳದ್ದು.

ಬದಲಾಯಿಸಿದ ಮೇಲಿನ ಮೊದಲ ರಿಹರ್ಸಲ್ಲಿನಲ್ಲಿ ಶಾರದಾ ಒಂದು ಮಾತು ಕೇಳಿದಳು. "ಗುಲಾಬಕ್ಕ, 'ಯಾವ್ ಬಸ್ಸಿಗ್ ಹೋಪ್ದ್' ಅಂಬುವಾಗ ನಾ ಎಲ್ಲಿಗ್ ಕಾಂಬುದ್? ಮನೆ ಬದಿಗಾ, ರಸ್ತೆ ಬದಿಗಾ?"

ನಾನು ಇನ್ನೂ ಹೇಳಿಲ್ಲ. ಅವಳು ಒಂದು ಊರಿನಲ್ಲಿ ಮನೆಯ ಕಡೆ ನೋಡುತ್ತಾಳೆ, ಇನ್ನೊಂದು ಊರಿನಲ್ಲಿ ರಸ್ತೆಯ ಕಡೆ. ನಾನು ಪರದೆಯ ಬದಿಯಲ್ಲಿ ನಿಂತು ನೋಡುತ್ತೇನೆ. ಎರಡು ಸಲವೂ ಸರಿಯಾಗಿಯೇ ಕಾಣುತ್ತದೆ.